‘ಅಯ್ಯೋ ಪಾಪ’ ಬೇಡ, ‘ಏನು ವಿಶೇಷ?’ ಎಂದು ಕೇಳಿ

ನಮ್ಮ ಕಡೆ ‘ಪಾಪ’ ಎನ್ನುವ ಒಂದೇ ಮಾತಿಗೆ ಮೂರು ಅರ್ಥ. ಮಾಡಬಾರದ್ದು ಮಾಡಿದರೆ ಪಾಪ. ಯಾರನ್ನೋ ಕಂಡು ಮರುಕ ಹುಟ್ಟಿದರೆ ಅಯ್ಯೋ ಪಾಪ. ತೊಟ್ಟಿಲಲ್ಲಿ ಮಲಗಿರುವ ಕೂಸೂ ಪಾಪನೇ. ಆದರೆ ಮಗುವಿಗೆ ನಡೆಯಲು ಬರದಿದ್ದರೆ, ಮಾತು ಬರದಿದ್ದರೆ, ಬುದ್ಧಿಯ ಬೆಳವಣಿಗೆ ನಿಧಾನವಾದರೆ ಊರವರಿಗೆ ಮೂರನೇ ಅರ್ಥ ಮರೆತುಹೋಗುತ್ತದೆ. ಒಬ್ಬರು ‘ಯಾವ ಜನ್ಮದ ಪಾಪವೋ’ ಎನ್ನುತ್ತಾರೆ, ಇನ್ನೊಬ್ಬರು ‘ಅಯ್ಯೋ ಪಾಪ’ ಎನ್ನುತ್ತಾರೆ. ಎದುರಿಗಿರುವುದು ಒಂದು ಪಾಪು ಎನ್ನುವುದು ಇಬ್ಬರಿಗೂ ನೆನಪಾಗುವುದಿಲ್ಲ.

ಇಂಥ ಮಗು ಇರುವ ಮನೆ ನಮ್ಮ ಜಿಲ್ಲೆಯಲ್ಲಿ ಎಲ್ಲಿಲ್ಲ? ದೊಡ್ಡಬಳ್ಳಾಪುರದ ಮಗ್ಗದ ಕೇರಿಯಲ್ಲಿದೆ. ದೇವನಹಳ್ಳಿಯ ದ್ರಾಕ್ಷಿ ತೋಟದ ಪಕ್ಕದಲ್ಲಿದೆ. ಹೊಸಕೋಟೆಯಲ್ಲಿ ಹೂವು ಬೆಳೆಯುವವರ ಮನೆಯಲ್ಲಿದೆ, ನೆಲಮಂಗಲದ ಹೆದ್ದಾರಿ ಬದಿಯ ಬಾಡಿಗೆ ಮನೆಯಲ್ಲೂ ಇದೆ. ಆ ಮನೆಗಳಲ್ಲಿ ಕಷ್ಟ ಇದೆ ಎಂದು ಎಲ್ಲರಿಗೂ ಗೊತ್ತು. ಅಲ್ಲಿ ಖುಷಿಯೂ ಇದೆ, ಅದೂ ದಿನಾ ಇದೆ ಎಂದು ಬಹಳ ಜನರಿಗೆ ಗೊತ್ತಿಲ್ಲ. ಅಪ್ಪ ಅಮ್ಮ ಬಾಯಿಬಿಟ್ಟು ಹೇಳುವುದಿಲ್ಲ. ಹೇಳಿದರೆ ‘ಇಂಥ ಮಗು ಇಟ್ಕೊಂಡು ಇವರಿಗೇನಪ್ಪ ನಗು’ ಎಂಬ ಮಾತು ಬರುತ್ತದೆ ಎನ್ನುವ ಅಳುಕು.

ಆ ಖುಷಿಯನ್ನು ಬಾಗಿಲಿನಿಂದ ಹೊರಗೆ ತರುವ ಹಕ್ಕು ಆ ಅಪ್ಪ ಅಮ್ಮನಿಗಿದೆ. ಕೂತು ಕೇಳುವ ಕೆಲಸ ನಮ್ಮೆಲ್ಲರದು. ನಾವು ಹೇಳಬೇಕೆಂದಿರುವುದು ಇಷ್ಟೇ.

ಎರಡೇ ಬಗೆಯ ಸುದ್ದಿ

ಪೇಪರಿನಲ್ಲಿ, ಟಿವಿಯಲ್ಲಿ ಇಂಥ ಮಕ್ಕಳ ಬಗ್ಗೆ ಎರಡೇ ಬಗೆಯ ಸುದ್ದಿ ಬರುತ್ತದೆ. ಒಂದು ಕಣ್ಣೀರಿನ ಸುದ್ದಿ: ಹಾಸಿಗೆ ಹಿಡಿದ ಮಗು, ಸೆರಗಿನಲ್ಲಿ ಕಣ್ಣೊರೆಸುವ ತಾಯಿ, ಕೆಳಗೆ ಬ್ಯಾಂಕ್ ಖಾತೆ ನಂಬರ್. ಇನ್ನೊಂದು ಸಾಧನೆಯ ಸುದ್ದಿ: ಎಸ್ಸೆಸ್ಸೆಲ್ಸಿಯಲ್ಲಿ ಹೆಚ್ಚು ಅಂಕ, ಇಲ್ಲವೇ ಕ್ರೀಡೆಯಲ್ಲಿ ಪದಕ. ಎರಡೂ ಬೇಕು. ಆದರೆ ಇವೆರಡರ ನಡುವೆ ಇರುವ ಸಾವಿರಾರು ಮಕ್ಕಳು ಅಳಿಸುವವರೂ ಅಲ್ಲ, ಪದಕ ತರುವವರೂ ಅಲ್ಲ. ಬೆಳಗ್ಗೆ ಏಳುತ್ತಾರೆ, ಹಲ್ಲುಜ್ಜಲು ಹಟ ಮಾಡುತ್ತಾರೆ, ಮುದ್ದೆ ಬೇಡ ಅನ್ನ ಬೇಕು ಎನ್ನುತ್ತಾರೆ, ಬಿದ್ದು ಬಿದ್ದು ನಗುತ್ತಾರೆ. ಅದನ್ನು ಯಾರು ಬರೆಯುತ್ತಾರೆ?

ಖುಷಿಯ ಅಳತೆಯೇ ಬೇರೆ

ಬೇರೆ ಮನೆಗಳಲ್ಲಿ ಮಗು ಒಂದು ವರ್ಷಕ್ಕೆ ಹೆಜ್ಜೆ ಇಡುತ್ತದೆ. ಎರಡು ದಿನ ಸಂಭ್ರಮ, ಮೂರನೇ ದಿನ ಎಲ್ಲರೂ ಮರೆಯುತ್ತಾರೆ. ಐದನೇ ವರ್ಷಕ್ಕೆ ಮೊದಲ ಹೆಜ್ಜೆ ಇಟ್ಟ ಮಗುವಿನ ತಾಯಿಯನ್ನು ಕೇಳಿ ನೋಡಿ. ಆ ದಿನ ಯಾವ ವಾರ, ಒಲೆಯ ಮೇಲೆ ಏನು ಬೇಯುತ್ತಿತ್ತು, ಮಗು ಯಾವ ಗೋಡೆ ಹಿಡಿದು ನಿಂತಿತ್ತು, ಎಲ್ಲವನ್ನೂ ಹೇಳುತ್ತಾಳೆ.

ಸೆರೆಬ್ರಲ್ ಪಾಲ್ಸಿ ಇರುವ ಹುಡುಗ ತನ್ನ ಕೈಯಿಂದಲೇ ಮುದ್ದೆ ಮುರಿದು, ಅವರೆಕಾಳು ಸಾರಿನಲ್ಲಿ ಅದ್ದಿ, ಬಾಯಿಗೆ ಮುಟ್ಟಿಸಿದ ದಿನ ಆ ಮನೆಗೆ ಹಬ್ಬ. ಅರ್ಧ ಸಾರು ಅಂಗಿಯ ಮೇಲೆ ಚೆಲ್ಲಿರುತ್ತದೆ. ಅಜ್ಜಿ ಬೈಯುವುದಿಲ್ಲ, ಇನ್ನೊಂದು ಸೌಟು ಬಡಿಸುತ್ತಾಳೆ.

ಆಟಿಸಂ ಇರುವ ಹುಡುಗ ಮಗ್ಗದ ಮನೆಯಲ್ಲಿ ಕಂಡಿಕೆಗಳನ್ನು ಬಣ್ಣದ ಪ್ರಕಾರ ಸಾಲಾಗಿ ಜೋಡಿಸುತ್ತಾನೆ. ಒಂದು ಅದಲುಬದಲಾದರೂ ಅವನಿಗೆ ಗೊತ್ತಾಗುತ್ತದೆ. ಮೊದಮೊದಲು ತೆಗೆದಿಡು ಎಂದು ಗದರುತ್ತಿದ್ದ ಅಪ್ಪ ಈಗ ‘ತಿಳಿಹಸಿರು ಎಲ್ಲಿದೆ ನೋಡೋ’ ಎಂದು ಅವನನ್ನೇ ಕೇಳುತ್ತಾನೆ. ಡೌನ್ ಸಿಂಡ್ರೋಮ್ ಇರುವ ಹುಡುಗಿ ಅಮ್ಮನ ಜೊತೆ ಡೇರಿಗೆ ಹೋಗಿ, ಹಾಲು ಹಾಕಲು ಬಂದವರನ್ನೆಲ್ಲ ಹೆಸರು ಹಿಡಿದು ಕರೆಯುತ್ತಾಳೆ. ಯಾರು ಬಂದಿಲ್ಲವೋ ಅವರನ್ನು ವಿಚಾರಿಸುತ್ತಾಳೆ. ಊರಲ್ಲಿ ಯಾರಿಗೆ ಜ್ವರ ಎನ್ನುವುದು ಆಶಾ ಕಾರ್ಯಕರ್ತೆಗಿಂತ ಮೊದಲು ಅವಳಿಗೆ ಗೊತ್ತು.

ಇನ್ನೂ ಚಿಕ್ಕ ಖುಷಿಗಳಿವೆ. ಮಗು ರಾತ್ರಿಯಿಡೀ ಏಳದೆ ಮಲಗಿತು. ಕ್ಷೌರದ ಅಂಗಡಿಯಲ್ಲಿ ಚೀರಲಿಲ್ಲ. ಬಸ್ಸಿನಲ್ಲಿ ಕಿವಿ ಮುಚ್ಚಿಕೊಳ್ಳದೆ ಕಿಟಕಿಯಾಚೆ ನೋಡಿತು. ಬೇರೆಯವರಿಗೆ ಇವು ಲೆಕ್ಕಕ್ಕೇ ಬರದ ಸಂಗತಿಗಳು. ಈ ಮನೆಗಳಲ್ಲಿ ಸಂಜೆ ಅಪ್ಪ ಕೆಲಸದಿಂದ ಬಂದು ಚಪ್ಪಲಿ ಬಿಡುವ ಮೊದಲೇ ಹೇಳುವ ಸುದ್ದಿ.

ಜಪಾನಿನ ಒಬ್ಬ ಅಪ್ಪ

ದೂರದ ಜಪಾನಿನ ಕತೆಯೊಂದನ್ನು ಹೇಳಬೇಕು. ಕೆಂಜಾಬುರೊ ಓಎ ಎಂಬ ಲೇಖಕರಿಗೆ 1963ರಲ್ಲಿ ಗಂಡು ಮಗು ಹುಟ್ಟಿತು. ತಲೆಬುರುಡೆಯಲ್ಲಿ ದೋಷ, ಮೆದುಳಿಗೆ ಪೆಟ್ಟು. ಶಸ್ತ್ರಚಿಕಿತ್ಸೆ ಆಗಿ ಮಗು ಉಳಿಯಿತು. ಮಗುವಿಗೆ ಹಿಕಾರಿ ಎಂದು ಹೆಸರಿಟ್ಟರು, ಅವರ ಭಾಷೆಯಲ್ಲಿ ಬೆಳಕು ಎಂದರ್ಥ. ಅವನಿಗೆ ಮಾತು ಬರಲಿಲ್ಲ. ಮನುಷ್ಯರ ದನಿಗೆ ಕಿವಿ ಕೊಡದ ಮಗು ಹಕ್ಕಿಗಳ ಕೂಗಿಗೆ ಮಾತ್ರ ಕಿವಿ ಕೊಡುತ್ತಿತ್ತು.

ಆರನೇ ವಯಸ್ಸಿನಲ್ಲಿ ಬೇಸಿಗೆಗೆಂದು ಬೆಟ್ಟದ ಮನೆಗೆ ಹೋದಾಗ ಕೆರೆಯ ಕಡೆಯಿಂದ ನೀರುಕೋಳಿಯ ಕೂಗು ಕೇಳಿಸಿತು. ಹಕ್ಕಿಗಳ ಕೂಗಿನ ರೆಕಾರ್ಡಿನಲ್ಲಿ ವಿವರಣೆ ಕೊಡುವವರ ಧಾಟಿಯಲ್ಲಿ ಹುಡುಗ ‘ಇವು ನೀರುಕೋಳಿಗಳು’ ಎಂದುಬಿಟ್ಟ. ಅದೇ ಅವನ ಮೊದಲ ಮಾತು.

ಮುಂದೆ ಹಿಕಾರಿ ಸಂಗೀತ ರಚಿಸುವವನಾದ, ಅವನ ಸಂಗೀತದ ಸಿ.ಡಿ.ಗಳು ಬಂದವು. ಪೇಪರಿನವರಿಗೆ ಅದು ದೊಡ್ಡ ಸುದ್ದಿ. ಆದರೆ 1994ರಲ್ಲಿ ಓಎ ಅವರಿಗೆ ಸಾಹಿತ್ಯದ ನೊಬೆಲ್ ಪ್ರಶಸ್ತಿ ಬಂದಾಗ, ಅಷ್ಟು ದೊಡ್ಡ ಸಭೆಯ ಮುಂದೆ ಮಾಡಿದ ಭಾಷಣದಲ್ಲಿ ಅವರು ಆ ನೀರುಕೋಳಿಯ ಕತೆಯನ್ನೂ ಹೇಳಿದರು. ಲೋಕವೇ ಕೇಳುತ್ತಿರುವಾಗ ಆ ಅಪ್ಪನಿಗೆ ಮಗನ ಮೊದಲ ಮಾತು ಹೇಳಲೇಬೇಕಾದ ಸಂಗತಿ ಅನ್ನಿಸಿತು. ನಮ್ಮ ಊರಿನ ಅಪ್ಪನಿಗೆ ಅರಳಿಕಟ್ಟೆಯ ಮೇಲೆ ಅದೇ ಮಾತು ಹೇಳಲು ಸಂಕೋಚ ಯಾಕಿರಬೇಕು?

ಯಾರ ಪಾಪವೂ ಅಲ್ಲ

ಖುಷಿಗೆ ಮೊದಲ ಅಡ್ಡಿ ‘ನಮ್ಮಿಂದಲೇ ಹೀಗಾಯಿತು’ ಎಂಬ ಕೊರಗು. ಗ್ರಹಣದಲ್ಲಿ ಹೊರಗೆ ಬಂದದ್ದಕ್ಕೆ, ನಾಗದೋಷಕ್ಕೆ, ಸೊಸೆಯ ಕಾಲ್ಗುಣಕ್ಕೆ ಎಂದು ಹೇಳುವವರಿದ್ದಾರೆ. ಘಾಟಿ ಸುಬ್ರಹ್ಮಣ್ಯಕ್ಕೆ ಹರಕೆ ಹೊರುವುದು ಅವರವರ ನಂಬಿಕೆ, ಅದಕ್ಕೆ ನಮ್ಮ ತಕರಾರಿಲ್ಲ. ಆದರೆ ಕಾರಣ ಅದಲ್ಲ.

ನಮ್ಮ ದೇಹದ ಜೀವಕೋಶಗಳಲ್ಲಿ ವರ್ಣತಂತುಗಳು ಜೋಡಿ ಜೋಡಿಯಾಗಿರುತ್ತವೆ. 21ನೆಯ ಜೋಡಿಯ ಜಾಗದಲ್ಲಿ ಎರಡರ ಬದಲು ಮೂರು ಬಂದರೆ ಡೌನ್ ಸಿಂಡ್ರೋಮ್. ಹೆಚ್ಚಿನ ಪಾಲು ಇದು ಆಕಸ್ಮಿಕ. ಮೂರನೇ ತಿಂಗಳ 21ನೇ ದಿನವಾದ ಮಾರ್ಚ್ 21 ವಿಶ್ವ ಡೌನ್ ಸಿಂಡ್ರೋಮ್ ದಿನವಾದದ್ದೂ ಇದೇ ಲೆಕ್ಕದಲ್ಲಿ. ಗರ್ಭದಲ್ಲಿ, ಹೆರಿಗೆಯಲ್ಲಿ ಅಥವಾ ಹುಟ್ಟಿದ ಸ್ವಲ್ಪ ಕಾಲದಲ್ಲಿ ಬೆಳೆಯುತ್ತಿರುವ ಮೆದುಳಿಗೆ ತೊಂದರೆಯಾದರೆ ಸೆರೆಬ್ರಲ್ ಪಾಲ್ಸಿ. ಇದರಲ್ಲಿ ಯಾರ ಶಾಪವೂ ಇಲ್ಲ, ಯಾರ ಕಾಲ್ಗುಣವೂ ಇಲ್ಲ.

ಖುಷಿ ಇದೆ ಎಂದರೆ ಕಷ್ಟ ಇಲ್ಲ ಎಂದಲ್ಲ

‘ನೀವು ಖುಷಿ ಖುಷಿ ಎಂದು ಬರೆದರೆ ಅವರ ಕಷ್ಟ ಮರೆಯಾಗುವುದಿಲ್ಲವೇ?’ ಎಂದು ಕೆಲವರು ಕೇಳಬಹುದು. ಸರಿಯಾದ ಪ್ರಶ್ನೆ.

ಹತ್ತು ವರ್ಷದ ಮಗನನ್ನು ಎತ್ತಿ ಎತ್ತಿ ತಾಯಿಯ ಸೊಂಟ ಹಿಡಿದುಹೋಗಿರುತ್ತದೆ. ಅವಳು ಕೂಲಿಗೆ ಹೋಗುವಂತಿಲ್ಲ, ತವರಿಗೆ ಹೋಗಿ ಎರಡು ದಿನ ಇರುವಂತಿಲ್ಲ. ದೊಡ್ಡಬಳ್ಳಾಪುರದಿಂದ ಬೆಂಗಳೂರು ಸುಮಾರು 40 ಕಿಲೋಮೀಟರ್. ನಿಮ್ಹಾನ್ಸ್‌ಗೆ ಹೋಗಬೇಕೆಂದರೆ ಮಗುವನ್ನು ಎತ್ತಿಕೊಂಡು ಎರಡು ಬಸ್ಸು ಹತ್ತಬೇಕು, ಸಾಲಿನಲ್ಲಿ ನಿಲ್ಲಬೇಕು. ಅಪ್ಪನ ಒಂದು ದಿನದ ಕೂಲಿ ಹೋಯಿತು. ರಾತ್ರಿ ದೀಪ ಆರಿಸಿದ ಮೇಲೆ ಗಂಡ ಹೆಂಡತಿ ಇಬ್ಬರಲ್ಲೂ ಇರುವುದು ಒಂದೇ ಪ್ರಶ್ನೆ: ನಮ್ಮ ಕಾಲ ಮುಗಿದ ಮೇಲೆ ಇವನನ್ನು ನೋಡಿಕೊಳ್ಳುವವರು ಯಾರು?

ಖುಷಿ ಮತ್ತು ಕಷ್ಟ ಒಂದೇ ಸೂರಿನ ಕೆಳಗೆ ಇರುತ್ತವೆ. ಒಂದನ್ನು ಒಪ್ಪಿಕೊಂಡರೆ ಇನ್ನೊಂದು ಸುಳ್ಳಾಗುವುದಿಲ್ಲ.

ನಮಗೆ ಭಯ ಇರುವುದು ಬೇರೊಂದು ಮಾತಿನ ಬಗ್ಗೆ. ‘ದೇವರು ಇಂಥ ಮಗುವನ್ನು ಇಂಥ ತಾಯಿಗೇ ಕೊಡುತ್ತಾನೆ’ ಎಂದು ವೇದಿಕೆ ಮೇಲೆ ಹೊಗಳಿ ಶಾಲು ಹೊದಿಸುತ್ತಾರೆ. ದೇವತೆ ಎಂದುಬಿಟ್ಟರೆ ಅವಳಿಗೆ ನಿದ್ದೆ ಬೇಡ, ಸೊಂಟ ನೋವು ಇಲ್ಲ, ಬೇಸರ ಆಗುವಂತಿಲ್ಲ. ಊರಿಗೆ, ಸರ್ಕಾರಕ್ಕೆ ಜವಾಬ್ದಾರಿ ತಪ್ಪಿತು. ಅವಳು ದೇವತೆಯಲ್ಲ, ನಮ್ಮ ಹಾಗೆ ಒಬ್ಬ ಹೆಣ್ಣುಮಗಳು. ಅವಳಿಗೆ ಶಾಲಿಗಿಂತ ಎರಡು ಗಂಟೆ ಬಿಡುವು ಹೆಚ್ಚು ಬೇಕು.

ಬಚ್ಚಿಟ್ಟರೆ ನಷ್ಟ ಮಗುವಿಗೆ

2011ರ ಜನಗಣತಿಯ ಪ್ರಕಾರ ಕರ್ನಾಟಕದಲ್ಲಿ 13 ಲಕ್ಷಕ್ಕೂ ಹೆಚ್ಚು ವಿಕಲಚೇತನರಿದ್ದಾರೆ. ಅದು ಬಾಗಿಲಿಗೆ ಬಂದವರ ಮುಂದೆ ಮನೆಯವರು ಹೇಳಿದ ಲೆಕ್ಕ. ನಾಚಿಕೆಯಿಂದ ಮಗುವನ್ನು ಒಳಗಿಟ್ಟರೆ ಅದು ಪಟ್ಟಿಗೆ ಸೇರುವುದಿಲ್ಲ. ಪಟ್ಟಿಯಲ್ಲಿ ಇಲ್ಲದ ಮಗುವಿಗೆ ಸಿಗಬೇಕಾದ್ದು ಸಿಗುವುದಿಲ್ಲ. ಸಿಗಬೇಕಾದ್ದರಲ್ಲಿ ಕೆಲವು ಇಲ್ಲಿವೆ:

• 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ 2017ರ ಏಪ್ರಿಲ್ 19ರಿಂದ ಜಾರಿಯಲ್ಲಿದೆ. ಮೊದಲು 7 ಬಗೆಯ ವೈಕಲ್ಯಗಳಷ್ಟೇ ಪಟ್ಟಿಯಲ್ಲಿದ್ದವು, ಈಗ 21 ಇವೆ. ಆಟಿಸಂ, ಸೆರೆಬ್ರಲ್ ಪಾಲ್ಸಿ, ಬೌದ್ಧಿಕ ವೈಕಲ್ಯ ಎಲ್ಲವೂ ಸೇರಿವೆ.

• ಶೇ. 40 ಅಥವಾ ಹೆಚ್ಚಿನ ವೈಕಲ್ಯ ಇರುವ ಮಕ್ಕಳಿಗೆ 6ರಿಂದ 18 ವರ್ಷದವರೆಗೆ ಉಚಿತ ಶಿಕ್ಷಣದ ಹಕ್ಕಿದೆ. ಪಕ್ಕದ ಶಾಲೆಯೋ ವಿಶೇಷ ಶಾಲೆಯೋ ಎನ್ನುವುದು ನಿಮ್ಮ ಆಯ್ಕೆ. ಶಾಲೆಗೆ ಬರಲಾಗದ ಮಗುವಿಗೆ ಗೃಹಾಧಾರಿತ ಶಿಕ್ಷಣ ಇದೆ. ತಾಲ್ಲೂಕಿನ ಕ್ಷೇತ್ರ ಸಂಪನ್ಮೂಲ ಕೇಂದ್ರದಲ್ಲಿ ಬಿಐಇಆರ್‌ಟಿ ಶಿಕ್ಷಕರನ್ನು ಕೇಳಿ.

• ಗ್ರಾಮ ಪಂಚಾಯಿತಿ ಮಟ್ಟದಲ್ಲಿ ವಿಆರ್‌ಡಬ್ಲ್ಯು, ತಾಲ್ಲೂಕಿನಲ್ಲಿ ಎಂಆರ್‌ಡಬ್ಲ್ಯು ಎಂಬ ಪುನರ್ವಸತಿ ಕಾರ್ಯಕರ್ತರಿದ್ದಾರೆ. ಯುಡಿಐಡಿ ಕಾರ್ಡ್, ಮಾಸಾಶನ, ರಿಯಾಯಿತಿ ಬಸ್ ಪಾಸ್ ಬಗ್ಗೆ ಮೊದಲು ಅವರನ್ನೇ ಕಾಣಿ.

• ಆಟಿಸಂ, ಸೆರೆಬ್ರಲ್ ಪಾಲ್ಸಿ, ಬೌದ್ಧಿಕ ವೈಕಲ್ಯ ಮತ್ತು ಬಹುವಿಧ ವೈಕಲ್ಯ ಇರುವವರಿಗೆ ‘ನಿರಾಮಯ’ ಆರೋಗ್ಯ ವಿಮೆ ಇದೆ. ವರ್ಷಕ್ಕೆ 1 ಲಕ್ಷ ರೂಪಾಯಿವರೆಗೆ.

• ಈ ನಾಲ್ಕು ಬಗೆಯ ವೈಕಲ್ಯ ಇರುವವರಿಗೆ 18 ತುಂಬಿದ ಮೇಲೆ ಕಾನೂನಿನ ಪ್ರಕಾರ ಪೋಷಕರನ್ನು ನೇಮಿಸಲು ಜಿಲ್ಲಾಧಿಕಾರಿ ಅಧ್ಯಕ್ಷತೆಯ ಸಮಿತಿ ಇದೆ. ‘ನಮ್ಮ ನಂತರ ಯಾರು’ ಎಂಬ ಪ್ರಶ್ನೆಗೆ ಇದು ಪೂರ್ತಿ ಉತ್ತರವಲ್ಲ, ಒಂದು ಶುರು. ನಮ್ಮ ಜಿಲ್ಲೆಯವರು ಬೀರಸಂದ್ರದ ಜಿಲ್ಲಾಡಳಿತ ಭವನದಲ್ಲಿ ವಿಚಾರಿಸಬೇಕು.

2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಹೆಂಗಸರಿಗೆ ಸಾಮಾನ್ಯ ಬಸ್ಸುಗಳಲ್ಲಿ ಟಿಕೆಟ್ ಇಲ್ಲ. ಆಸ್ಪತ್ರೆಗೆ, ಥೆರಪಿಗೆ ಅಲೆಯುವ ತಾಯಂದಿರಿಗೆ ಇದರಿಂದ ಉಳಿಯುವ ಹಣ ಸಣ್ಣದೇನಲ್ಲ. ಹೊರೆ ಹಗುರಾದಷ್ಟು ಖುಷಿಗೆ ಜಾಗ ಆಗುತ್ತದೆ.

ಊರು ಮಾಡಬಹುದಾದ್ದು

ಇದಕ್ಕೆ ಬಜೆಟ್ ಬೇಕಿಲ್ಲ.

ಮದುವೆಗೆ ಕರೆಯುವಾಗ ‘ಮಗೂನ್ನೂ ಕರ್ಕೊಂಡು ಬನ್ನಿ’ ಎಂದು ಬಾಯಿಬಿಟ್ಟು ಹೇಳಿ. ಬಂದಾಗ ಮಗು ಕೂಗಿದರೆ ತಿರುಗಿ ತಿರುಗಿ ನೋಡಬೇಡಿ. ಊರಹಬ್ಬದ ದಿನ ಗಾಲಿಕುರ್ಚಿ ಗುಡಿಯ ಮುಂದಕ್ಕೆ ಬರುವಷ್ಟು ದಾರಿ ಬಿಡಿ. ಮಗುವಿನ ಬಗ್ಗೆ ಅಮ್ಮನನ್ನು ಕೇಳುವ ಬದಲು ಮಗುವನ್ನೇ ಮಾತಾಡಿಸಿ. ಉತ್ತರ ತಡವಾಗಿ ಬಂದರೆ ಕಾಯಿರಿ.

‘ಮೊದ್ದು’, ‘ಮೂಗ’, ‘ಅರೆಹುಚ್ಚ’ ಎಂದು ಕರೆಯುವುದನ್ನು ನಮ್ಮ ಮಕ್ಕಳಿಗೆ ಬಿಡಿಸೋಣ. ಹತ್ತು ಜನರ ಮುಂದೆ ಬೇಕೆಂದೇ ಹೀಗೆ ಅವಮಾನ ಮಾಡುವುದು ಅಪರಾಧ. 2016ರ ಕಾಯ್ದೆಯ 92ನೇ ಸೆಕ್ಷನ್ ಪ್ರಕಾರ 6 ತಿಂಗಳಿಂದ 5 ವರ್ಷದವರೆಗೆ ಜೈಲು, ಜೊತೆಗೆ ದಂಡ ಇದೆ.

ಡಿಸೆಂಬರ್ 3 ವಿಶ್ವ ವಿಕಲಚೇತನರ ದಿನ. ಬ್ರೆಡ್ಡು ಹಣ್ಣು ಹಂಚಿ ಫೋಟೋ ತೆಗೆಸಿಕೊಂಡರೆ ಅದು ಮುಗಿಯಿತು. ಅದರ ಬದಲು ಪಂಚಾಯಿತಿಯಲ್ಲಿ ಒಂದು ಗಂಟೆ ಅಪ್ಪ ಅಮ್ಮಂದಿರಿಗೇ ಮೈಕ್ ಕೊಡಿ. ಬೇಡಿಕೆಯೂ ಹೇಳಲಿ, ‘ನಮ್ಮ ಹುಡುಗಿ ಈ ವರ್ಷ ಜಡೆ ಹಾಕ್ಕೊಳೋದು ಕಲಿತಳು’ ಎಂದೂ ಹೇಳಲಿ. ಎರಡಕ್ಕೂ ಚಪ್ಪಾಳೆ ಬೀಳಲಿ. ಮಕ್ಕಳ ಗ್ರಾಮಸಭೆ ನಡೆಯುವಾಗ ಈ ಮಕ್ಕಳಿಗೂ ಮುಂದಿನ ಸಾಲಿನಲ್ಲಿ ಜಾಗ ಇರಲಿ.

ಅಪ್ಪ ಅಮ್ಮಂದಿರಿಗೂ ಒಂದು ಮಾತು. ಪಕ್ಕದ ಊರಿನಲ್ಲಿ ನಿಮ್ಮಂಥದೇ ಇನ್ನೊಂದು ಮನೆ ಇರುತ್ತದೆ. ಅವರ ಫೋನ್ ನಂಬರ್ ಇಟ್ಟುಕೊಳ್ಳಿ. ಮಗ ಅಂಗಿಯ ಗುಂಡಿ ತಾನೇ ಹಾಕಿಕೊಂಡ ದಿನ ಅದರ ಬೆಲೆ ಪೂರ್ತಿ ಗೊತ್ತಾಗುವುದು ಆ ಮನೆಯವರಿಗೆ. ಮೊದಲು ಅವರಿಗೆ ಹೇಳಿ, ಆಮೇಲೆ ಊರಿಗೆಲ್ಲ ಹೇಳಿ.

ನಮ್ಮ ಕಡೆ ಇಬ್ಬರು ಎದುರಾದರೆ ‘ಏನು ವಿಶೇಷ?’ ಎಂದು ಕೇಳುವುದು ರೂಢಿ. ಈ ಮಕ್ಕಳನ್ನು ವಿಶೇಷ ಮಕ್ಕಳು ಎಂದು ಕರೆಯುತ್ತೇವೆ, ಆದರೆ ಅವರ ಅಪ್ಪ ಅಮ್ಮನನ್ನು ಮಾತ್ರ ಈ ಪ್ರಶ್ನೆ ಕೇಳುವುದಿಲ್ಲ. ನಾಳೆ ಬಸ್ ಸ್ಟಾಂಡಿನಲ್ಲಿ ಸಿಕ್ಕರೆ ಕೇಳಿ. ಹೇಳಲು ಅವರ ಹತ್ತಿರ ಬಹಳ ಇರುತ್ತದೆ. ಒಂದು ಬಸ್ಸು ಬಿಟ್ಟರೂ ಪರವಾಗಿಲ್ಲ, ಪೂರ್ತಿ ಕೇಳಿಸಿಕೊಳ್ಳಿ.