ಗಡಿನಾಡಿನ ರೋಗಿ ಯಾರ ಲೆಕ್ಕಕ್ಕೆ?

ಮಹಾರಾಷ್ಟ್ರದ ಸಾಂಗಲಿ ಜಿಲ್ಲೆಗೆ ಸೇರಿದ ಜತ್ತ ತಾಲೂಕಿನ ಹೆಸರು ಕಾಸರಗೋಡಿನ ವಾಚಕರಿಗೆ ತೀರ ಅಪರಿಚಿತವಾಗಿರಲಾರದು. ಚಂದ್ರಗಿರಿಯ ಉತ್ತರಕ್ಕಿರುವ ನಮ್ಮ ನೆಲವನ್ನೂ ಜತ್ತದ ಹಲವು ಹಳ್ಳಿಗಳನ್ನೂ ಅಂದಿನ ಮೈಸೂರು ರಾಜ್ಯಕ್ಕೆ ಸೇರಿಸಬೇಕೆಂದು 1967ರಲ್ಲಿ ಮಹಾಜನ ಆಯೋಗವು ಒಂದೇ ವರದಿಯಲ್ಲಿ ಹೇಳಿತ್ತು. ಎರಡೂ ಕಡೆ ಅದು ಕಾಗದದಲ್ಲೇ ಉಳಿಯಿತು. ನೀರಿನ ಅಭಾವದಿಂದ ಬೇಸತ್ತ ಜತ್ತದ ಸುಮಾರು 40 ಗ್ರಾಮಗಳು 2012ರಲ್ಲಿ ಕರ್ನಾಟಕಕ್ಕೆ ಸೇರುವುದಾಗಿ ಠರಾವು ಮಾಡಿದುದೂ, 2022ರ ನವೆಂಬರಿನಲ್ಲಿ ಅಂದಿನ ಮುಖ್ಯಮಂತ್ರಿ ಬಸವರಾಜ ಬೊಮ್ಮಾಯಿಯವರು ಅದನ್ನೆತ್ತಿದೊಡನೆ ಉಭಯ ರಾಜ್ಯಗಳಲ್ಲೂ ಗದ್ದಲವೆದ್ದುದೂ ಪತ್ರಿಕೆಗಳಲ್ಲಿ ಬಂದ ಸಂಗತಿಗಳೇ. ಗಡಿನಾಡಿನ ನೀರು, ಶಾಲೆ, ಬಸ್ಸುಗಳ ಮಾತು ಹೀಗೆ ಆಗಾಗ ಬರುತ್ತದೆ. ರೋಗಿಯ ಮಾತು ಬರುವುದಿಲ್ಲ. ಅದರಲ್ಲೂ ಅಪರೂಪದ ಕ್ಯಾನ್ಸರಿಗೆ ತುತ್ತಾದವನ ಲೆಕ್ಕವನ್ನು ಯಾರಿಡುತ್ತಾರೆ, ಆ ಲೆಕ್ಕದಿಂದ ಯಾರಿಗೇನು ಪ್ರಯೋಜನ ಎಂಬುದನ್ನು ಇಲ್ಲಿ ವಿಚಾರಿಸೋಣ.

ನಮ್ಮ ರಕ್ತದ ಬಿಳಿಯ ಕಣಗಳಲ್ಲಿ ಲಿಂಫೋಸೈಟುಗಳೆಂಬ ಒಂದು ಜಾತಿಯುಂಟು; ಅದರಲ್ಲಿ ಮುಖ್ಯವಾಗಿ ಬಿ ಮತ್ತು ಟಿ ಎಂಬ ಬಗೆಗಳು. ಇವು ಕೆಟ್ಟು ಮಿತಿ ಮೀರಿ ಬೆಳೆದಾಗ ಬರುವ ಕ್ಯಾನ್ಸರಿಗೆ ಲಿಂಫೋಮಾ ಎನ್ನುತ್ತಾರೆ. ಹೆಚ್ಚಿನವು ಬಿ ಬಗೆಯವು. ಹಾಡ್‌ಕಿನ್ ಎಂಬ ಪ್ರಭೇದವನ್ನು ಬಿಟ್ಟು ಉಳಿದ ಲಿಂಫೋಮಾಗಳಲ್ಲಿ ಟಿ ಬಗೆಯದು ಪಾಶ್ಚಾತ್ಯ ದೇಶಗಳಲ್ಲಿ ನೂರಕ್ಕೆ 10ರಿಂದ 15 ಮಾತ್ರ. ಈ ಚಿಕ್ಕ ಪಾಲಿನೊಳಗೂ ಎರಡು ಡಜನಿಗೆ ಮಿಕ್ಕಿ ಉಪಜಾತಿಗಳಿದ್ದು, ಒಂದು ಔಷಧಕ್ಕೆ ಬಗ್ಗುವಂಥದು, ಇನ್ನೊಂದು ಬಗ್ಗದಂಥದು. ಬಿ ಬಗೆಗೆ ಒಗ್ಗಿದ ಮದ್ದಿನ ಕಟ್ಟನ್ನೇ ಬಹುಕಾಲ ಇದಕ್ಕೂ ಕೊಡುತ್ತ ಬಂದರು; ಫಲ ಅಷ್ಟಕ್ಕಷ್ಟೆ. ಎಷ್ಟು ದೊಡ್ಡ ಆಸ್ಪತ್ರೆಯಾದರೂ ಒಂದು ಉಪಜಾತಿಯ ರೋಗಿಗಳು ವರ್ಷಕ್ಕೆ ಕೈಬೆರಳೆಣಿಕೆಯಷ್ಟು ಬಂದಾರು. ಅಷ್ಟರಿಂದ ಯಾವ ವೈದ್ಯನೂ ಯಾವ ಮದ್ದು ಮೇಲೆಂದು ಖಚಿತವಾಗಿ ಹೇಳಲಾರ.

ಆದುದರಿಂದಲೇ ಹಲವು ದೇಶಗಳ ಆಸ್ಪತ್ರೆಗಳು ತಮ್ಮ ರೋಗಿಗಳ ವಿವರವನ್ನು ಒಂದೇ ದಾಖಲೆಯಲ್ಲಿ ಬರೆಯುವ ಪದ್ಧತಿ ಹುಟ್ಟಿಕೊಂಡಿತು. ರೋಗಿ ಯಾರು, ಎಲ್ಲಿಯವನು, ಗಂಟಿನ ತುಣುಕಿನಲ್ಲಿ ಏನು ಕಂಡಿತು, ಯಾವ ಮದ್ದು ಕೊಟ್ಟರು, ಎರಡು ವರ್ಷದ ಮೇಲೆ ಹೇಗಿದ್ದಾನೆ, ಐದು ವರ್ಷದ ಮೇಲೆ ಇದ್ದಾನೆಯೇ ಎಂಬ ಪ್ರಶ್ನೆಗಳಿಗೆ ಉತ್ತರ ಬರೆದಿಡುವ ಪುಸ್ತಕವಿದು. ಜಗತ್ತಿನ 22 ಕೇಂದ್ರಗಳಿಂದ 1,314 ಮಂದಿಯ ಹಳೆಯ ದಾಖಲೆಗಳನ್ನು ಕೂಡಿಸಿ ನೋಡಿದ ಒಂದು ಅಧ್ಯಯನ 2008ರಲ್ಲಿ ಪ್ರಕಟವಾಯಿತು. ತಜ್ಞರು ತುಣುಕುಗಳನ್ನು ಮತ್ತೆ ಪರೀಕ್ಷಿಸಿದಾಗ ಟಿ ಬಗೆಯ ಅಥವಾ ಅದಕ್ಕೆ ತೀರ ಸಮೀಪದ ಲಿಂಫೋಮಾ ಎಂದು ಸ್ಥಿರಪಟ್ಟದ್ದು 1,153ರಲ್ಲಿ ಮಾತ್ರ. ಅಂದರೆ ಹೆಸರುವಾಸಿ ಆಸ್ಪತ್ರೆಗಳಲ್ಲೂ ನೂರಕ್ಕೆ ಹನ್ನೆರಡರಲ್ಲಿ ರೋಗದ ಹೆಸರು ನಿಲ್ಲಲಿಲ್ಲ! ಕುತ್ತಿಗೆಯಲ್ಲಿ ಗಂಟು ಕಂಡೊಡನೆ ಕ್ಷಯವೆಂದು ಗುಳಿಗೆ ಶುರುಮಾಡುವ ನಮ್ಮ ಕಡೆಯ ರೂಢಿಯನ್ನು ಇದರ ಪಕ್ಕದಲ್ಲಿಟ್ಟು ನೋಡಬೇಕು. ಹಳೆಯ ಕಾಗದಗಳನ್ನು ಕೆದಕುವ ಬದಲು ರೋಗಿ ಬಂದ ದಿನದಿಂದಲೇ ಬರೆದುಕೊಂಡು ಹೋಗುವ ಇನ್ನೊಂದು ದಾಖಲೆ 2006ರಲ್ಲಿ ಇಟಲಿಯ ಮೊದೆನಾ ನಗರದಿಂದ ಆರಂಭವಾಗಿ ಹಲವು ದೇಶಗಳಿಗೆ ಹಬ್ಬಿತು.

ಊರಿನ ಹೆಸರು ಬರೆದುಕೊಂಡರೆ ಏನು ಮಹಾ ಎಂದು ಕೇಳುವವರಿದ್ದಾರೆ. ಜಪಾನಿನಲ್ಲಿ ನಡೆದುದನ್ನು ಅವರಿಗೆ ಹೇಳಬೇಕು. 1977ರಲ್ಲಿ ಕ್ಯೋಟೋ ನಗರದ ಡಾ. ತಕಾತ್ಸುಕಿ ಮತ್ತು ಸಂಗಡಿಗರು ಒಂದು ವಿಚಿತ್ರ ಬಗೆಯ ಟಿ ಕಣದ ಕ್ಯಾನ್ಸರನ್ನು ವರ್ಣಿಸಿದರು. ರೋಗಿಗಳ ಹುಟ್ಟೂರನ್ನು ನೋಡಿದರೆ ಹೆಚ್ಚಿನವರು ದೂರದ ದಕ್ಷಿಣದ ಕ್ಯೂಶೂ ದ್ವೀಪದವರು! ಅಲ್ಲಿಂದ ಅನುಮಾನ ಹುಟ್ಟಿತು. 1980ರಲ್ಲಿ ಅಮೇರಿಕದಲ್ಲಿ ಒಂದು ವೈರಸ್ಸು ಸಿಕ್ಕಿತು. ಜಪಾನಿನ ಈ ರೋಗಕ್ಕೂ ಅದೇ ವೈರಸ್ಸಿಗೂ ಇರುವ ನಂಟು ಮುಂದೆ ಸಿದ್ಧವಾಯಿತು. ತಾಯಿಯ ಹಾಲಿನಿಂದಲೂ ರಕ್ತದಾನದಿಂದಲೂ ಅದು ದಾಟುತ್ತದೆಂದು ತಿಳಿದು, 1986ರಿಂದ ಅಲ್ಲಿ ದಾನಿಗಳ ರಕ್ತವನ್ನು ಅದಕ್ಕಾಗಿ ಪರೀಕ್ಷಿಸತೊಡಗಿದರು. ಕ್ಯೋಟೋದ ಆಸ್ಪತ್ರೆಯವರು ಈಗಿರುವ ಮನೆಯ ವಿಳಾಸವೊಂದನ್ನೇ ಕೇಳಿ ಬಿಟ್ಟಿದ್ದರೆ ಕ್ಯೂಶೂವಿನ ಸುಳಿವು ಅಷ್ಟು ಬೇಗ ಸಿಗುತ್ತಿರಲಿಲ್ಲ.

ನಮ್ಮ ದೇಶವೂ ಈ ವಿಷಯದಲ್ಲಿ ಹಿಂದೆ ಬಿದ್ದಿಲ್ಲ. ಮುಂಬಯಿಯ ಕ್ಯಾನ್ಸರ್ ದಾಖಲೆ 1963ರದು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ರಾಷ್ಟ್ರೀಯ ಕಾರ್ಯಕ್ರಮ 1981ರಲ್ಲಿ ಆರಂಭವಾಗಿ, ಮರುವರ್ಷದಿಂದ ಬೆಂಗಳೂರಿನಲ್ಲೂ ಎಣಿಕೆ ನಡೆಯಿತು. ಜತ್ತಕ್ಕೆ ಹತ್ತಿರದ ನಿದರ್ಶನವೆಂದರೆ ನೆರೆಯ ಸೊಲ್ಲಾಪುರ ಜಿಲ್ಲೆಯ ಬಾರ್ಶಿ. ದೇಶದ ಮೊದಲನೆಯ ಗ್ರಾಮೀಣ ಕ್ಯಾನ್ಸರ್ ದಾಖಲೆ 1987ರಲ್ಲಿ ಅಲ್ಲಿ ತೆರೆಯಿತು. ಆಸ್ಪತ್ರೆಗೆ ಬಾರದ ರೋಗಿಯನ್ನು ಆಸ್ಪತ್ರೆಯ ಪುಸ್ತಕದಲ್ಲಿ ಹುಡುಕಿ ಫಲವಿಲ್ಲವೆಂದು, ದಾಖಲೆಯ ನೌಕರರೇ ಹಳ್ಳಿ ಹಳ್ಳಿಗೆ ಹೋದರು. ಊರವರನ್ನು ಕೂಡಿಸಿ ರೋಗದ ಚಿಹ್ನೆಗಳನ್ನು ವಿವರಿಸಿದರು. ಸಂಶಯವಿದ್ದವರನ್ನು ಆಸ್ಪತ್ರೆಗೆ ಕಳುಹಿದರು. ಕಾಲಕ್ರಮದಲ್ಲಿ ಗರ್ಭಕೋಶದ ಕೊರಳಿನ ಕ್ಯಾನ್ಸರ್ ಮೊದಲಿಗಿಂತ ಎಳೆಯ ಹಂತದಲ್ಲೇ ಕಾಣತೊಡಗಿತು. ಇದೇ ಬುನಾದಿಯ ಮೇಲೆ ಪಕ್ಕದ ಉಸ್ಮಾನಾಬಾದ್ ಜಿಲ್ಲೆಯಲ್ಲಿ (ಈಗಿನ ಧಾರಾಶಿವ) 1,31,746 ಮಹಿಳೆಯರ ಮೇಲೆ ನಡೆದ ಪ್ರಯೋಗದ ಫಲ 2009ರಲ್ಲಿ ಹೊರಬಂದಿತು: ವೈರಸ್ಸಿನ ಒಂದೇ ಬಾರಿಯ ತಪಾಸಣೆಯಿಂದ ಆ ಕ್ಯಾನ್ಸರಿನ ಮರಣಗಳು ಅರ್ಧದಷ್ಟು ಇಳಿದವು. ಬರೇ ಎಣಿಸುತ್ತ ಕೂತರೆ ರೋಗ ವಾಸಿಯಾದೀತೇ ಎಂದು ಮೂಗು ಮುರಿಯುವವರಿಗೆ ಬಾರ್ಶಿಯನ್ನು ತೋರಿಸಬಹುದು.

ಆದರೆ ಬಾರ್ಶಿಯ ಬೆಳಕು ಜತ್ತಕ್ಕೆ ಬಿದ್ದಿಲ್ಲ. 2020ರ ರಾಷ್ಟ್ರೀಯ ವರದಿಯಲ್ಲಿ ಪ್ರದೇಶದ ಜನರೆಲ್ಲರನ್ನೂ ಒಳಗೊಂಡ ದಾಖಲೆಗಳು 28 ಇದ್ದವು. ಒಟ್ಟು ಸೇರಿ ದೇಶದ ಜನಸಂಖ್ಯೆಯ ನೂರಕ್ಕೆ ಹತ್ತರಷ್ಟು. ಸಾಂಗಲಿ ಜಿಲ್ಲೆ ಅದರಲ್ಲಿಲ್ಲ. ಕರ್ನಾಟಕದಿಂದ ಇದ್ದುದು ಬೆಂಗಳೂರು ಒಂದೇ. ಜತ್ತಕ್ಕೆ ತಾಗಿದ ವಿಜಯಪುರವೂ ಇಲ್ಲ. ಜತ್ತದ ರೋಗಿ ಮೀರಜಕ್ಕೆ ಹೋಗುತ್ತಾನೆ, ವಿಜಯಪುರಕ್ಕೆ ಹೋಗುತ್ತಾನೆ, ಅಲ್ಲಿ ಕೈಸಾಗದಿದ್ದರೆ ಬೆಂಗಳೂರಿನ ಕಿದ್ವಾಯಿಗೋ ಮುಂಬಯಿಯ ಟಾಟಾಕ್ಕೋ ಹೋಗುತ್ತಾನೆ. ಅಲ್ಲಿನ ಆಸ್ಪತ್ರೆಯ ಪುಸ್ತಕದಲ್ಲಿ ಹೆಸರು ಏರುತ್ತದೆ, ನಿಜ. ಅನಂತರ?

ನಮ್ಮ ಅಧ್ಯಾಪಕ ವೃತ್ತಿಯವರಿಗೆ ಇದು ಹಾಜರಿ ಪುಸ್ತಕದಿಂದ ಬೇಗ ತಿಳಿಯುತ್ತದೆ. ದೀಪಾವಳಿ ಕಳೆದು ಜತ್ತದ ಎಷ್ಟೋ ಕುಟುಂಬಗಳು ಕಬ್ಬು ಕಡಿಯಲು ಗುಳೆ ಹೋಗುತ್ತವೆ. ಮಕ್ಕಳ ಹೆಸರಿನ ಮುಂದೆ ಗೈರುಹಾಜರಿ ಬೀಳುತ್ತದೆ. ಹುಡುಗ ಬೇರೆ ಶಾಲೆ ಸೇರಿದನೇ, ಶಾಲೆಯನ್ನೇ ಬಿಟ್ಟನೇ, ಬೇಸಿಗೆಗೆ ಬಂದಾನೇ? ಪುಸ್ತಕ ಹೇಳುವುದಿಲ್ಲ. ರೋಗಿಯ ವಿಷಯದಲ್ಲಿ ಈ ಗೈರುಹಾಜರಿ ಪ್ರಾಣಾಂತಿಕ ತಪ್ಪಿಗೆ ದಾರಿ. ತಿರುಗಿ ಬಾರದವರನ್ನು ಲೆಕ್ಕದಿಂದ ಬಿಟ್ಟರೆ, ಅವರಲ್ಲಿ ಹಲವರು ತೀರಿಕೊಂಡಿದ್ದಾಗ ಮದ್ದು ಇದ್ದುದಕ್ಕಿಂತ ಒಳ್ಳೆಯದಾಗಿ ಕಾಣುತ್ತದೆ. ಸತ್ತರೆಂದು ಎಣಿಸಿದರೆ ಒಳ್ಳೆಯ ಮದ್ದಿಗೂ ಕೆಟ್ಟ ಹೆಸರು. ಸಾವಿರಾರು ರೋಗಿಗಳಿರುವ ಸ್ತನದ ಕ್ಯಾನ್ಸರಿನಲ್ಲಿ ಹತ್ತು ಮಂದಿ ತಪ್ಪಿದರೆ ಲೆಕ್ಕ ಅಷ್ಟೇನೂ ಅಲುಗದು. ಇಪ್ಪತ್ತೇ ಮಂದಿಯಿರುವ ಟಿ ಬಗೆಯಲ್ಲಿ ಐವರು ತಪ್ಪಿದರೆ ಲೆಕ್ಕವೇ ಬಿದ್ದುಹೋಯಿತು.

ತಪ್ಪಿಹೋಗಲು ಗಡಿನಾಡಿನವರಿಗೆ ಇತರರಿಗಿಲ್ಲದ ಕಾರಣಗಳೂ ಇವೆ. ಮಹಾರಾಷ್ಟ್ರದ ಕಾಗದದಲ್ಲಿ ಹೆಸರು, ತಂದೆಯ ಹೆಸರು, ಅಡ್ಡಹೆಸರು ಎಂದು ದೇವನಾಗರಿಯಲ್ಲಿ ಬರೆದದ್ದು ಕರ್ನಾಟಕದ ಆಸ್ಪತ್ರೆಯಲ್ಲಿ ಬೇರೆಯೇ ರೂಪ ತಾಳುತ್ತದೆ. ಒಬ್ಬನೇ ಮನುಷ್ಯ ಇಬ್ಬರಾಗುತ್ತಾನೆ. ಉಚಿತ ಚಿಕಿತ್ಸೆಯ ಯೋಜನೆಗಳು ರಾಜ್ಯಕ್ಕೊಂದಾದುದರಿಂದ ನೆಂಟರ ಮನೆಯ ವಿಳಾಸ ಕೊಡುವ ಆಸೆಯೂ ಸಹಜ. ಒಂದು ವರ್ಷವಾದರೂ ನೆಲೆಸಿದ ಊರನ್ನೇ ವಾಸಸ್ಥಳವೆಂದು ಎಣಿಸುವ ದಾಖಲೆಯಲ್ಲಿ ಆಗ ಜತ್ತದ ರೋಗ ಬೆಂಗಳೂರಿನ ಖಾತೆಗೆ ಬೀಳಬಹುದು. ಇನ್ನು, ಹೇಗಿದ್ದೀರೆಂದು ವಿಚಾರಿಸಲು ಬರುವ ಫೋನು ಹಿಂದಿಯಲ್ಲೋ ಇಂಗ್ಲಿಷಿನಲ್ಲೋ ಇದ್ದರೆ ಕನ್ನಡವೊಂದೇ ಬಲ್ಲ ತಾಯಿ ಏನೆಂದಾಳು?

ಪಟ್ಟಿಯಲ್ಲಿ ಹೆಸರಿಲ್ಲದಿರುವುದರ ಬೆಲೆ ಕಾಸರಗೋಡಿನವರಿಗೆ ಗೊತ್ತು. 2000ದ ತನಕ ಗೇರುತೋಟಗಳ ಮೇಲೆ ಆಕಾಶದಿಂದ ಎಂಡೋಸಲ್ಫಾನ್ ಸಿಂಪಡಿಸಿದ ಎಣ್ಮಕಜೆಯಂಥ ಊರುಗಳಲ್ಲಿ, ಸಂತ್ರಸ್ತರಿಗೆ 5 ಲಕ್ಷ ರೂಪಾಯಿ ಕೊಡಬೇಕೆಂದು 2017ರಲ್ಲಿ ಸುಪ್ರೀಂ ಕೋರ್ಟು ಆದೇಶವಿತ್ತ ಮೇಲೂ, ಪಟ್ಟಿಯ ಒಳಗೆ ಯಾರು, ಹೊರಗೆ ಯಾರು ಎಂಬುದೇ ಜಗಳವಾಯಿತು. ಅದು ಪರಿಹಾರದ ಪಟ್ಟಿ. ಈ ದಾಖಲೆಯಿಂದ ಕಾಸು ಬಾರದು. ಇದರ ಫಲವನ್ನು ಉಣ್ಣುವವನು ಬಹುಶಃ ಮುಂದಿನ ರೋಗಿ. ಆ ಕಾರಣಕ್ಕಾಗಿಯೇ ಇದಕ್ಕಾಗಿ ಧರಣಿ ಕೂರುವವರಿಲ್ಲ. ಮಂಗಳೂರಿನ ಆಸ್ಪತ್ರೆಗಳನ್ನೇ ನಂಬಿದ ನಮಗೂ ಜತ್ತದವರ ತೊಡಕು ಹೊರಗಿನದಲ್ಲ.

ಗುಟ್ಟಿನ ಅಳುಕೂ ಇದೆ. ಮನೆಯಲ್ಲಿ ಕ್ಯಾನ್ಸರ್ ಇದೆಯೆಂದು ಹೊರಬಿದ್ದರೆ ಹೆಣ್ಣುಮಕ್ಕಳ ಮದುವೆಗೆ ಅಡ್ಡಿಯಾದೀತೆಂಬ ಭಯವನ್ನು ನಾವು ಹಗುರವಾಗಿ ಕಾಣುವುದಿಲ್ಲ. ದಾಖಲೆಯವರು ಹೆಸರನ್ನು ಪ್ರಕಟಿಸುವುದಿಲ್ಲ, ಸಂಖ್ಯೆಗಳನ್ನಷ್ಟೇ ಪ್ರಕಟಿಸುತ್ತಾರೆ. ಈ ಮಾತನ್ನು ರೋಗಿಗೆ ಅವನ ಭಾಷೆಯಲ್ಲಿ ಹೇಳಿ ಒಪ್ಪಿಗೆ ಪಡೆಯುವುದು ಆಸ್ಪತ್ರೆಯ ಕರ್ತವ್ಯ.

ಕ್ಯಾನ್ಸರನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ರೋಗವೆಂದು ಸಾರಬೇಕೆಂದು ಸಂಸತ್ತಿನ ಸ್ಥಾಯೀ ಸಮಿತಿ 2022ರಲ್ಲಿ ಶಿಫಾರಸು ಮಾಡಿದೆ. ಕೆಲವು ರಾಜ್ಯಗಳು ತಾವೇ ಅಂಥ ಆದೇಶ ಹೊರಡಿಸಿವೆ. ರಾಜ್ಯ ರಾಜ್ಯದ ಆದೇಶ ಗಡಿಯಲ್ಲಿ ನಿಂತುಬಿಡುತ್ತದೆ. 2023ರಲ್ಲಿ ಮಹಾರಾಷ್ಟ್ರ ಸರಕಾರವು ತಾನು ಹಕ್ಕು ಹೇಳುವ ಕರ್ನಾಟಕದ 865 ಊರುಗಳ ಜನರಿಗೆ ತನ್ನ ಮಹಾತ್ಮಾ ಫುಲೆ ಆರೋಗ್ಯ ಯೋಜನೆಯನ್ನು ವಿಸ್ತರಿಸಿತು, ಕರ್ನಾಟಕ ಆಕ್ಷೇಪಿಸಿತು. ಹಕ್ಕು ಸಾಧನೆಗೆ ಹಣ ಗಡಿ ದಾಟಬಲ್ಲುದಾದರೆ ರೋಗಿಯ ಕಾಗದ ಏಕೆ ದಾಟಬಾರದು? ವಿಜಯಪುರದ ಮತ್ತು ಮೀರಜದ ಆಸ್ಪತ್ರೆಗಳು ಜತ್ತದ ರೋಗಿಗಳ ವಿವರವನ್ನು ಪರಸ್ಪರ ತಾಳೆ ನೋಡುವುದಕ್ಕೆ, ಫೋನು ಮಾಡಲು ಕನ್ನಡ ಬಲ್ಲ ಒಬ್ಬ ಗುಮಾಸ್ತನನ್ನು ನೇಮಿಸುವುದಕ್ಕೆ ಗಡಿ ವಿವಾದದ ತೀರ್ಪು ಬರುವ ತನಕ ಕಾಯಬೇಕಾಗಿಲ್ಲ.

ಅಲ್ಲಿಯ ತನಕ ಮನೆಯವರು ತಾವೇ ಮಾಡಬಹುದಾದುದೂ ಇದೆ. ತುಣುಕಿನ ಪರೀಕ್ಷೆಯ ವರದಿಯನ್ನೂ, ಅದನ್ನು ಮೇಣದಲ್ಲಿ ಕೂಡಿಸಿದ ಬ್ಲಾಕಿನ ಸಂಖ್ಯೆಯನ್ನೂ ಎಸೆಯದೆ ಇಡಬೇಕು. ಎರಡನೆಯ ಆಸ್ಪತ್ರೆಗೆ ಹೋದಾಗ ಆ ಬ್ಲಾಕನ್ನೇ ಕೇಳಿ ಪಡೆದು ಒಯ್ದರೆ ಹೊಸದಾಗಿ ಗಂಟು ಕೊಯ್ಯುವ ಅಗತ್ಯ ಹೆಚ್ಚಾಗಿ ಬೀಳುವುದಿಲ್ಲ. ಅರ್ಜಿಯಲ್ಲಿ ನೆಂಟರ ಊರಿನ ಬದಲು ತಾನು ನಿಜವಾಗಿ ವಾಸಿಸುವ ಹಳ್ಳಿಯ ಹೆಸರನ್ನು ಬರೆಸಬೇಕು. ಫೋನು ಬದಲಾದರೆ ಹೊಸ ಸಂಖ್ಯೆ ತಿಳಿಸಬೇಕು. ರೋಗಿ ತೀರಿಕೊಂಡಿದ್ದರೂ ಆಸ್ಪತ್ರೆಗೆ ಒಂದು ಕಾರ್ಡು ಹಾಕಬೇಕು, ದಿನಾಂಕ ಸಹಿತ.