ಗಂಡಸರ ರಕ್ತಹೀನತೆ: ಲೆಕ್ಕಕ್ಕೆ ಸಿಗದ ಕೂಲಿ ಕಡಿತ

ರಕ್ತಹೀನತೆ ಅಂದ ಕೂಡಲೇ ನಮಗೆ ನೆನಪಾಗೋದು ಗರ್ಭಿಣಿಯರು, ಶಾಲೆಗೆ ಹೋಗೋ ಹುಡುಗಿಯರು. ಅದರಲ್ಲಿ ತಪ್ಪೇನಿಲ್ಲ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ, ದೇಶದಲ್ಲಿ 15ರಿಂದ 49 ವರ್ಷದ ಮಹಿಳೆಯರಲ್ಲಿ ಶೇ. 57ರಷ್ಟು ಮಂದಿಗೆ ರಕ್ತಹೀನತೆ ಇದೆ. ಆದರೆ ಅದೇ ವರದಿಯ ಇನ್ನೊಂದು ಅಂಕಿ ಚರ್ಚೆಗೇ ಬರಲ್ಲ. ಅದೇ ವಯಸ್ಸಿನ ಗಂಡಸರಲ್ಲಿ ಈ ಪ್ರಮಾಣ ಶೇ. 25. ಅಂದರೆ ನಾಲ್ವರಲ್ಲಿ ಒಬ್ಬ.

ಇದನ್ನು ಬರೀ ಆರೋಗ್ಯದ ವಿಷಯ ಅಂದುಕೊಂಡರೆ ಸಾಲದು. ನನ್ನ ಪ್ರಕಾರ ಇದು ಕೂಲಿಯ ಪ್ರಶ್ನೆಯೂ ಹೌದು. ಹಿಮೋಗ್ಲೋಬಿನ್ ಕಡಿಮೆಯಾದರೆ ಸ್ನಾಯುಗಳಿಗೆ ಆಮ್ಲಜನಕ ಸಾಲದೆ ಬೇಗ ಏದುಸಿರು, ಬೇಗ ಸುಸ್ತು. ತಿಂಗಳ ಸಂಬಳದವನು ಸುಸ್ತಾದರೂ ಸಂಬಳ ಅಷ್ಟೇ ಬರುತ್ತೆ. ಟನ್ ಲೆಕ್ಕದಲ್ಲಿ ಕಬ್ಬು ಕಡಿಯುವವನಿಗೆ, ಆರ್ಡರ್ ಲೆಕ್ಕದಲ್ಲಿ ಊಟ ತಲುಪಿಸುವ ಹುಡುಗನಿಗೆ ಹಾಗಲ್ಲ. ಅವರ ಸುಸ್ತು ಅವತ್ತಿನ ದುಡಿಮೆಯಲ್ಲೇ ಮುರಿದುಹೋಗುತ್ತೆ.

ಇದು ಊಹೆಯಲ್ಲ. ಇಂಡೊನೇಷ್ಯಾದ ರಬ್ಬರ್ ತೋಟದ ಕಾರ್ಮಿಕರ ಬಗ್ಗೆ 1979ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ರಕ್ತಹೀನತೆ ಇದ್ದವರು ಉಳಿದವರಿಗಿಂತ ಕಡಿಮೆ ರಬ್ಬರ್ ಹಾಲು ಇಳಿಸುತ್ತಿದ್ದರು. 60 ದಿನ ಕಬ್ಬಿಣಾಂಶ ಕೊಟ್ಟ ಮೇಲೆ ಅವರ ಕೆಲಸ ಸುಧಾರಿಸಿತು. ಮುಂದೆ ಮಧ್ಯ ಜಾವಾದಲ್ಲಿ ನಡೆದ ದೊಡ್ಡ ಪ್ರಯೋಗದಲ್ಲೂ, ಕಬ್ಬಿಣಾಂಶದ ಕೊರತೆ ನೀಗಿದಾಗ ಸ್ವಂತ ದುಡಿಮೆಯ ಗಂಡಸರ ಗಂಟೆಯ ಗಳಿಕೆ ಏರಿತು.

ನಮ್ಮ ಯೋಜನೆಗಳಲ್ಲಿ ಇವರು ಎಲ್ಲಿದ್ದಾರೆ? 2018ರಲ್ಲಿ ಶುರುವಾದ ‘ಅನೀಮಿಯಾ ಮುಕ್ತ ಭಾರತ’ ಆರು ಗುಂಪುಗಳನ್ನು ಗುರುತಿಸಿದೆ. ಹುಡುಗರಿಗೆ ಅದರಲ್ಲಿ 19 ವರ್ಷದವರೆಗೆ ಮಾತ್ರ ಜಾಗ. ದುಡಿಯೋ ವಯಸ್ಸಿಗೆ ಬಂದ ಕೂಡಲೇ ಪಟ್ಟಿಯಿಂದ ಹೊರಗೆ!

ಹೆಂಗಸರ ಪಾಲಿನ ಮಾತ್ರೆ ಕಿತ್ತು ಗಂಡಸರಿಗೆ ಕೊಡಿ ಅಂತ ನಾನು ಹೇಳ್ತಿಲ್ಲ. ಎಲ್ಲರಿಗೂ ಮಾತ್ರೆ ಹಂಚೋದು ಪರಿಹಾರವೂ ಅಲ್ಲ. ಗಂಡಸರಿಗೆ ಮುಟ್ಟಿನ ರಕ್ತಸ್ರಾವ ಇಲ್ಲ. ಹಾಗಾಗಿ ಹಿಮೋಗ್ಲೋಬಿನ್ 13 ಗ್ರಾಂಗಿಂತ ಕೆಳಗಿಳಿದರೆ ಕಾರಣ ಹುಡುಕಲೇಬೇಕು. ಕೊಕ್ಕೆಹುಳು ಇರಬಹುದು, ಹೊಟ್ಟೆಯ ಹುಣ್ಣಿನಿಂದ ರಕ್ತ ಹೋಗ್ತಿರಬಹುದು, ಮೂತ್ರಪಿಂಡದ ಕಾಯಿಲೆ ಇರಬಹುದು, ಸತ್ವವಿಲ್ಲದ ಊಟವೂ ಇರಬಹುದು. ಆದರೆ ದಿನಗೂಲಿಯವನು ಆಸ್ಪತ್ರೆ ಸಾಲಲ್ಲಿ ನಿಂತರೆ ಆ ದಿನದ ದುಡ್ಡು ಹೋಯ್ತು. ಪರೀಕ್ಷೆಯೇ ಅವನಿದ್ದಲ್ಲಿಗೆ ಬರಬೇಕು.

ಅದಕ್ಕೆ ದಾರಿ ಇಲ್ಲದೇ ಇಲ್ಲ. ಕರ್ನಾಟಕದಲ್ಲಿ ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿ ಇದೆ. ಗಿಗ್ ಕಾರ್ಮಿಕರ ಕಲ್ಯಾಣ ನಿಧಿಗೆ 2025ರಲ್ಲಿ ಕಾನೂನೂ ಬಂದಿದೆ. ಅಪಘಾತ, ಸಾವು ಆದ ಮೇಲೆ ಪರಿಹಾರ ಕೊಡೋದರ ಜೊತೆಗೆ, ವರ್ಷಕ್ಕೊಮ್ಮೆ ಕೆಲಸದ ಜಾಗದಲ್ಲೇ ಹಿಮೋಗ್ಲೋಬಿನ್ ಪರೀಕ್ಷೆ ಮಾಡಿಸಲಿ. ಕಡಿಮೆ ಇದ್ದವರಿಗೆ ಚಿಕಿತ್ಸೆ, ಚಿಕಿತ್ಸೆಗೆ ಹೋದ ದಿನದ ಕೂಲಿ ಎರಡೂ ಸಿಗಲಿ. ಅಷ್ಟಾದರೆ, ನಾವು ಇಷ್ಟು ದಿನ ‘ಮೈಗಳ್ಳ’ ಅಂತ ಬೈದವರಲ್ಲಿ ಎಷ್ಟು ಮಂದಿ ನಿಜಕ್ಕೂ ಕಾಯಿಲೆಯವರು ಅನ್ನೋದಾದರೂ ಗೊತ್ತಾಗುತ್ತೆ.