ಈರುಳ್ಳಿ ಚೀಲಕ್ಕೆ ಲೆಕ್ಕ ಬೇಡವೆ?

ಈರುಳ್ಳಿ ದರ ಏರಿತು ಅಂದರೆ ಸಾಕು, ಎಲ್ಲರ ಬೆರಳೂ ಮಂಡಿಯವನ ಕಡೆಗೆ. "ಅಡಗಿಸಿಟ್ಟಿದಾನೆ, ಸಟ್ಟಾ ಆಡ್ತಿದಾನೆ" ಅಂತ ಬಸ್ಸಿನಲ್ಲೂ ಅದೇ ಮಾತು, ಸಭೆಯಲ್ಲೂ ಅದೇ ಮಾತು. 2019ರ ಡಿಸೆಂಬರಿನಲ್ಲಿ ಕಿಲೋಗೆ 100 ರೂಪಾಯಿ ದಾಟಿದಾಗಲೂ ಹೀಗೇ ಆಯ್ತು. ಬೈದವರು ಸಾವಿರ ಮಂದಿ; ಲೆಕ್ಕ ಹಾಕಿದವರೆಷ್ಟು?

ಈ ಲೆಕ್ಕವನ್ನೇ ಜೀವಮಾನದ ಕಸುಬು ಮಾಡಿಕೊಂಡ ಪ್ರೊಫೆಸರ್ ಒಬ್ಬರು ಅಮೆರಿಕದಲ್ಲಿದ್ದರು. ಹೆಸರು ಹೋಲ್‌ಬ್ರೂಕ್ ವರ್ಕಿಂಗ್. 1925ರಲ್ಲಿ ಸ್ಟ್ಯಾನ್‌ಫರ್ಡ್‌ನ ಆಹಾರ ಸಂಶೋಧನಾ ಸಂಸ್ಥೆ ಸೇರಿ, ಗೋಧಿ ಪೇಟೆಯ ಹಳೇ ದರಪಟ್ಟಿ ಹಿಡಿದು ಕೂತರು. ಮುಂದಿನ ತಿಂಗಳ ಮಾಲಿಗೆ ಇಂದೇ ದರ ಕಟ್ಟುವುದು ವಾಯಿದೆ ವ್ಯಾಪಾರ. ಆ ದರ ಇಂದಿನದಕ್ಕಿಂತ ಮೇಲಿದ್ದರೆ ದಾಸ್ತಾನು ಇಡು, ಕೆಳಗಿದ್ದರೆ ಮಾರಿಬಿಡು ಅಂತ ಪೇಟೆಯೇ ವ್ಯಾಪಾರಿಗೆ ಹೇಳುತ್ತದೆ ಎಂದು ಅಂಕಿ ಸಮೇತ ತೋರಿಸಿದರು.

ಅಲ್ಲೂ ಈರುಳ್ಳಿ ಗಲಾಟೆ ಆಗಿತ್ತು. 1955ರಲ್ಲಿ ಚಿಕಾಗೋದ ಈರುಳ್ಳಿಯನ್ನು ಇಬ್ಬರು ವ್ಯಾಪಾರಿಗಳು ಕೈವಶ ಮಾಡಿಕೊಂಡು, ಆಮೇಲೆ ಪೇಟೆಗೆ ಸುರಿದರು. 1956ರ ಮಾರ್ಚಿಗೆ 50 ಪೌಂಡಿನ ಚೀಲ 10 ಸೆಂಟಿಗೆ ಬಿತ್ತು. ಒಳಗಿನ ಮಾಲಿಗಿಂತ ಖಾಲಿ ಚೀಲವೇ ದುಬಾರಿ! ಬೆಳೆಗಾರರು ಬೊಬ್ಬೆ ಹಾಕಿದರು. 1958ರಲ್ಲಿ ಈರುಳ್ಳಿಯ ವಾಯಿದೆ ವ್ಯಾಪಾರಕ್ಕೇ ನಿಷೇಧ ಬಿತ್ತು.

1960ರಲ್ಲಿ ವರ್ಕಿಂಗ್ ಲೆಕ್ಕ ಮುಂದಿಟ್ಟರು: ವಾಯಿದೆ ನಡೆದ ವರ್ಷಗಳಲ್ಲಿ ಸುಗ್ಗಿಯಿಂದ ಸುಗ್ಗಿಗೆ ನಡುವಿನ ಏರಿಳಿತ ಕಡಿಮೆಯೇ ಇತ್ತು! ನಿಷೇಧದ ನಂತರ ಏರಿಳಿತ ಮತ್ತೆ ಹೆಚ್ಚಿತೆಂದು 1963ರಲ್ಲಿ ಅದೇ ಸಂಸ್ಥೆಯ ರೋಜರ್ ಗ್ರೇ ಬರೆದರು. ಇಬ್ಬರು ಆಟ ಕಟ್ಟಿದ್ದು ನಿಜ. ಅವರನ್ನು ಹಿಡಿಯಬೇಕಿತ್ತು. ನೆಗಡಿ ಬಂತೆಂದು ಮೂಗನ್ನೇ ಕೊಯ್ದರೆ ಹೇಗೆ ಸ್ವಾಮಿ?

ನಮ್ಮಲ್ಲೂ ಅದೇ ಕಥೆ. 2007ರಲ್ಲಿ ತೊಗರಿ, ಉದ್ದು, ಗೋಧಿ, ಅಕ್ಕಿ ವಾಯಿದೆ ನಿಲ್ಲಿಸಿದರು. ಬೆಲೆ ಏರಿದ್ದು ಅದರಿಂದಲೇ ಎನ್ನಲು ಖಚಿತ ಆಧಾರ ಇಲ್ಲವೆಂದು ಪ್ರೊ. ಅಭಿಜಿತ್ ಸೇನ್ ಸಮಿತಿ 2008ರಲ್ಲಿ ಹೇಳಿತು. ಆದರೂ 2021ರ ಡಿಸೆಂಬರಿನಲ್ಲಿ ಕಡಲೆ, ಗೋಧಿ, ಹೆಸರು ಸೇರಿ ಏಳು ಮಾಲುಗಳ ವಾಯಿದೆಗೆ ಸೆಬಿ ಒಂದು ವರ್ಷದ ತಡೆ ಹಾಕಿತು. ಆ ವರ್ಷ ಬೆಳೆಯುತ್ತಲೇ ಹೋಯ್ತು.

ಪ್ರೊಫೆಸರರ ಲೆಕ್ಕವೂ ತಪ್ಪಬಹುದು. ಆದರೆ ಅಂಕಿ ಎದುರಿಗಿದ್ದರೆ ತಪ್ಪನ್ನು ಇನ್ನೊಬ್ಬರು ಹಿಡಿಯಬಹುದು. ಗಾಳಿಸುದ್ದಿಯಲ್ಲಿ ತಪ್ಪು ಹಿಡಿಯುವುದೆಲ್ಲಿ? ಮಾರುಕಟ್ಟೆ ಸಮಿತಿಯಲ್ಲಿ ದಿನದ ಆವಕ, ದಿನದ ದರ ಬರೆದಿಡುತ್ತಾರೆ. ಜಿಲ್ಲೆಯ ಕಾಲೇಜುಗಳು ಅರ್ಥಶಾಸ್ತ್ರದ ಹುಡುಗರನ್ನು ಆ ಪುಸ್ತಕದ ಮುಂದೆ ಕೂರಿಸಲಿ. ಅಧಿಕಾರಿಗಳೂ ಅಷ್ಟೇ: ಅಂಗಡಿ ಬಾಗಿಲು ತಟ್ಟುವ ಮೊದಲು ಆ ಪುಸ್ತಕ ತೆರೆದು ನೋಡಲಿ.